ಗಾಬರಿ ಸಾಹೇಬರ ತೆಲುಗು

ಬಸಲಿಂಗಮ್ಮ ಮಾನವಿ ತಾಲ್ಲೂಕಿನವಳು. ಗಂಡ ಮಲ್ಲಣ್ಣನ ಜೊತೆ ಹೈದರಾಬಾದಿಗೆ ಬಂದಾಗ ಆಂಧ್ರಪ್ರದೇಶ ಇನ್ನೂ ಒಂದೇ ಆಗಿತ್ತು. ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಮಲ್ಲಣ್ಣ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ನಿಂತ, ಅವಳು ಸಿಮೆಂಟಿನ ಬುಟ್ಟಿ ಹೊತ್ತಳು. ಸೊಂಟ ಸೋತ ಮೇಲೆ ಬುಟ್ಟಿ ಇಳಿಸಿ, ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳಲ್ಲಿ ಅಡಿಗೆಗೆ ಸೇರಿದಳು. ಅಷ್ಟರಲ್ಲಿ ರಾಜ್ಯ ಒಡೆದು ಎರಡಾಗಿ, ಊರು ಕಾಗದದ ಮೇಲೆ ಎರಡಕ್ಕೂ ರಾಜಧಾನಿಯಾಗಿ ಉಳಿದಿತ್ತು. ಬಸಲಿಂಗಮ್ಮನಿಗೆ ಅದರಿಂದೇನೂ ವ್ಯತ್ಯಾಸವಾಗಲಿಲ್ಲ. ಅವಳ ತೆಲುಗು ಕೇಳಿ ಜನ ಮೊದಲೂ ನಗುತ್ತಿದ್ದರು, ಆಮೇಲೂ ನಕ್ಕರು. ಕನ್ನಡದ ಮಾತಿನ ಕೊನೆಗೊಂದು ‘ಲು’ ಅಂಟಿಸಿದರೆ ತೆಲುಗಾಗುತ್ತದೆಂದು ಅವಳು ನಂಬಿದ್ದಳು. ‘ರೊಟ್ಟಿಲು’, ‘ಪಲ್ಯಲು’ ಎಂದುಕೊಂಡೇ ಇಪ್ಪತ್ತು ವರ್ಷ ದಾಟಿಸಿದ್ದಳು.

ಕೊರೊನಾ ಬಂದ ವರ್ಷ ಯುಗಾದಿಗೆಂದು ಮಲ್ಲಣ್ಣ ಮೊದಲೇ ಊರಿಗೆ ಹೊರಟ. ಕೆಲಸದ ಮನೆಯಲ್ಲಿ ಹೇಳಿ ಹಿಂದೆಯೇ ಬರುತ್ತೇನೆ ಎಂದು ಬಸಲಿಂಗಮ್ಮ ಉಳಿದಳು. ಹಬ್ಬ ಬರುವಷ್ಟರಲ್ಲಿ ಬಸ್ಸು, ರೈಲು ಎಲ್ಲ ನಿಂತು ಲಾಕ್‌ಡೌನ್ ಬಿತ್ತು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ವಾಸುದೇವರಾಯರು ಗೇಟಿನ ಹತ್ತಿರ ನಿಂತು, ಒಳಗಿರುವವರು ಒಳಗೇ ಇರಬೇಕು, ಹೊರಗೆ ಹೋದವರು ಹೊರಗೇ ಇರಬೇಕು ಎಂದು ಗಟ್ಟಿಯಾಗಿ ತೆಲುಗಿನಲ್ಲಿ ಸಾರಿದರು. ಬಸಲಿಂಗಮ್ಮ ಆ ಹೊತ್ತಿಗೆ ಒಳಗಿದ್ದಳು. ಅವಳು ಅಡಿಗೆ ಮಾಡುತ್ತಿದ್ದ ಫ್ಲ್ಯಾಟಿನಲ್ಲಿ ಅಡಿಗೆಮನೆಯ ಪಕ್ಕ ಕೆಲಸದವರಿಗೆಂದೇ ಕಟ್ಟಿದ್ದ ಸಣ್ಣ ಕೋಣೆಯೊಂದು ಖಾಲಿಯಿತ್ತು. ತನ್ನ ಗಂಟನ್ನು ಅಲ್ಲಿ ಇಳಿಸಿದಳು.

ಫ್ಲ್ಯಾಟಿನಲ್ಲಿದ್ದವರು ಒಬ್ಬರೇ ಸಾಹೇಬರು, ಹೆಸರು ಗಾಬೋರ್. ಮಾದಾಪುರದ ಒಂದು ಕಂಪನಿಯಲ್ಲಿ ತಮ್ಮ ದೇಶದ ಯಂತ್ರ ಕೂರಿಸಿಕೊಡಲು ಬಂದು ಸಿಕ್ಕಿಹಾಕಿಕೊಂಡವರು. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ, ಕೆಂಪು ಗಡ್ಡ. ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿಬೀಳುವ ಸ್ವಭಾವ. ಹಾಗಾಗಿ ಬಸಲಿಂಗಮ್ಮನ ಬಾಯಲ್ಲಿ ಅವರು ಗಾಬರಿ ಸಾಹೇಬರಾಗಿದ್ದರು. ಲಾಕ್‌ಡೌನಿನ ಮೊದಲ ವಾರ ಅವರು ಮನೆಗೆ ಬಂದ ತರಕಾರಿಯನ್ನೆಲ್ಲ ಸೋಪು ಹಾಕಿ ತೊಳೆದರು. ಕೊತ್ತಂಬರಿಯನ್ನೂ ಬಿಡಲಿಲ್ಲ. ಅವತ್ತಿನ ಸಾರಿನಲ್ಲಿ ನೊರೆ ಬಂತು.

“ಯಾವ ಊರ್ರಿ ನಿಮ್ದು?” ಎಂದು ಅವಳು ಒಮ್ಮೆ ಕೈಸನ್ನೆ ಮಾಡಿ ಕೇಳಿದಳು.

“ಹಂಗೇರಿ” ಎಂದರು.

“ಹಂಗ ಅಂದ್ರ ಹೆಂಗ್ರಿ? ಒಂದು ಊರು ಅಂತ ಇರ್ತೈತಲ್ಲ?”

“ಹಂಗೇರಿ, ಹಂಗೇರಿ.”

ಹೇಳುವ ಮನಸ್ಸಿಲ್ಲ ಪಾಪ ಎಂದುಕೊಂಡು ಅವಳು ಒಲೆಯ ಕಡೆ ತಿರುಗಿದಳು.

ಇಬ್ಬರೇ ಒಂದು ಮನೆಯಲ್ಲಿ ಇದ್ದಮೇಲೆ ಮಾತಾದರೂ ಬೇಕಲ್ಲ. ಸಾಹೇಬರ ಫೋನಿನಲ್ಲಿ ಭಾಷೆ ಅನುವಾದಿಸುವ ಆ್ಯಪ್ ಇತ್ತು. ಹೈದರಾಬಾದಿನಲ್ಲಿ ತೆಲುಗು ಎಂದು ಯಾರೋ ಹೇಳಿದ್ದರಿಂದ ಅದನ್ನು ತೆಲುಗಿಗೆ ಹಚ್ಚಿ ಅವಳ ಬಾಯ ಮುಂದೆ ಹಿಡಿದರು. “ಉಪ್ಪು ಸಾಕೇನ್ರಿ?” ಎಂದು ಅವಳು ಕೇಳಿದಳು. ತೆಲುಗಿನಲ್ಲಿ ಸಾಕು ಎಂದರೆ ನೆಪ. ಉಪ್ಪಿನ ನೆಪವೇ ಎಂದು ಫೋನು ಅವರಿಗೆ ಅರ್ಥ ಹೇಳಿತು. ಇನ್ನೆರಡು ಮಾತು ಆಡಿಸಿ ನೋಡಿದರು. ಫೋನು ಇನ್ನೂ ವಿಚಿತ್ರವಾಗಿ ಉತ್ತರಿಸಿತು. ಇದು ಕೆಲಸಕ್ಕೆ ಬಾರದ ಆ್ಯಪ್ ಎಂದು ಅಳಿಸಿಹಾಕಿ, ಬಸಲಿಂಗಮ್ಮನ ಮುಂದೆ ಕೈಜೋಡಿಸಿ ಒಂದೊಂದೇ ಮಾತು ಬಿಡಿಸಿ ಹೇಳಿದರು: “ಯುವರ್ ಲ್ಯಾಂಗ್ವೇಜ್. ಟೀಚ್. ಮೀ.”

ಅಷ್ಟು ಇಂಗ್ಲಿಷು ಅವಳಿಗೂ ತಿಳಿಯುತ್ತಿತ್ತು. “ನನ್ನ ಭಾಷಾ?” ಎಂದು ಎದೆ ಮುಟ್ಟಿಕೊಂಡು ಕೇಳಿದಳು. ಅವರು ಹೌದೆಂದು ತಲೆಯಾಡಿಸಿದರು.

ಪಾಠ ಅಡಿಗೆಮನೆಯಲ್ಲೇ ಶುರುವಾಯಿತು. ನೀರು, ಉಪ್ಪು, ರೊಟ್ಟಿ. ಆಮೇಲೆ ಪೂರಾ ಮಾತು. ಬಸಲಿಂಗಮ್ಮ ಬೇಕಂತಲೇ ಮೊದಲಿಗೇ ಸೇರಿಸಿದ ಮಾತೆಂದರೆ, “ಬಸಲಿಂಗಮ್ಮಾರ, ಚಾ ಕುಡೀರಿ.” ಊರಲ್ಲಿ ಅತ್ತೆ ಅವಳನ್ನು ‘ಏ’ ಎನ್ನುತ್ತಿದ್ದಳು, ಇಲ್ಲಿಯ ಮೇಸ್ತ್ರಿಗಳು ‘ಓಯ್’ ಎಂದರು, ಮನೆಯೊಡತಿಯರು ‘ಏಮೇ’ ಎಂದರು. ‘ರಿ’ ಹಚ್ಚಿ ಕರೆಯುವವರೊಬ್ಬರನ್ನು ಕಡೆಗೆ ಅವಳೇ ತಯಾರು ಮಾಡಿಕೊಂಡಳು. ಸಾಹೇಬರು ಆ ಮಾತು ಬಾಯಿಪಾಠ ಮಾಡಿ, ಬರೀ ಹೇಳುವುದು ಸರಿಯಲ್ಲವೆಂದು ಚಹಾ ಮಾಡುವುದನ್ನೂ ಕಲಿತರು. ದಿನಾ ಸಂಜೆ ಅವಳು ಕುರ್ಚಿಯ ಮೇಲೆ ಕಾಲ್ಮೇಲೆ ಕಾಲು ಹಾಕಿ ಕೂತು ಚಹಾ ಕುಡಿದಳು.

‘ರಿ’ ಇಲ್ಲದ ಮಾತನ್ನು ಅವಳು ಕಲಿಸಲೇ ಇಲ್ಲವಾದ್ದರಿಂದ ಸಾಹೇಬರ ಮರ್ಯಾದೆ ಎಲ್ಲೆಲ್ಲಿಗೋ ಹರಿಯಿತು. ಬಾಲ್ಕನಿಯಿಂದ ಕೆಳಗೆ ನೋಡಿ, “ನಾಯಿ ಬಂದಾರ್ರಿ” ಎನ್ನುವರು. ದೀಪ ಆರಿದರೆ, “ಕರೆಂಟ್ ಹೋದ್ರು ರೀ” ಎಂದು ಕೂಗುವರು. ಬಸಲಿಂಗಮ್ಮ ತಿದ್ದಲು ಹೋಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಗುವುದರಲ್ಲೇ ಅವಳಿಗೆ ಹೊತ್ತು ಹೋಗುತ್ತಿತ್ತು.

ಒಂದು ದಿನ ಸಾಹೇಬರು ಫೋನಿನಲ್ಲಿ ತಮ್ಮ ತಾಯಿಯ ಮುಖ ನೋಡುತ್ತ ಮಾತಾಡುತ್ತಿದ್ದರು. ನಡುವೆ ಎದೆ ಉಬ್ಬಿಸಿ, “ಬದ್ನಿಕಾಯಿ ಪಲ್ಯ ಭಾಳ ಛಲೋ ಐತ್ರಿ” ಎಂದು ಒಪ್ಪಿಸಿದರು. ತಾಯಿ ಚಪ್ಪಾಳೆ ತಟ್ಟಿದರು. “ತೆಲುಗು! ತೆಲುಗು!” ಎಂದರು ಮಗರಾಯರು.

ರೊಟ್ಟಿ ತಟ್ಟುತ್ತಿದ್ದ ಬಸಲಿಂಗಮ್ಮನ ಕೈ ನಿಂತಿತು. ಇವರು ಇಷ್ಟು ದಿನ ಕಲಿತದ್ದನ್ನು ತೆಲುಗು ಎಂದುಕೊಂಡಿದ್ದಾರೆ! ಹೇಳಿಬಿಡಬೇಕು ಅನ್ನಿಸಿತು. ಬಿಡಿಸಿ ಹೇಳುವಷ್ಟು ಇಂಗ್ಲಿಷ್ ತನಗೆ ಇರಲಿಲ್ಲ ಎಂದು ಅವಳು ಆಮೇಲೆ ಎಲ್ಲರ ಮುಂದೆ ಹೇಳಿಕೊಂಡಳು. ನಿಜವಾದ ಕಾರಣ ಬೇರೆಯಿತ್ತು. ಮಲ್ಲಣ್ಣ ಊರಲ್ಲಿದ್ದ. ಮನೆಯೊಳಗೆ ಅವಳ ಮಾತನ್ನು ಆಡುವ ಇನ್ನೊಂದು ಜೀವ ಇದ್ದದ್ದು ಇದೊಂದೇ. ತೆಲುಗು ಕಲಿಸುವವರು ಈ ಊರಿನಲ್ಲಿ ಎಷ್ಟೋ ಮಂದಿ ಸಿಗುತ್ತಾರೆ. ಈ ವಿದ್ಯಾರ್ಥಿಯನ್ನು ಬಿಟ್ಟರೆ ಅವಳಿಗೆ ಯಾರೂ ಸಿಗುತ್ತಿರಲಿಲ್ಲ.

ಸಾಹೇಬರು ಅವಳ ಕಡೆ ತಿರುಗಿ, “ಹೌದ್ರಿ?” ಎಂದು ಕೇಳಿದರು.

“ಹೌದ್ರಿ, ತೆಲುಗು. ಭಾಳ ಛಲೋ ತೆಲುಗು” ಎಂದಳು ಬಸಲಿಂಗಮ್ಮ, ಮತ್ತೆ ರೊಟ್ಟಿ ತಟ್ಟತೊಡಗಿದಳು.

ಸುಳ್ಳು ಅಲ್ಲೇ ಬಯಲಾಗಬೇಕಿತ್ತು. ಮರುದಿನ ಬೆಳಿಗ್ಗೆ ಸಾಹೇಬರು, ತರಕಾರಿ ನಾನೇ ಕೊಳ್ಳುತ್ತೇನೆ ಎಂದು ಚೀಲ ಹಿಡಿದು ಹೊರಟರು. ಗೇಟಿನ ಬಾಯಿಗೇ ತರಕಾರಿ ಆಟೊ ಬಂದು ನಿಲ್ಲುತ್ತಿತ್ತು. ಮಾರುವವನ ಹೆಸರು ಅಮೃತಪ್ಪ. ಗಿರಾಕಿಗಳ ಜೊತೆ ತೆಲುಗಿನಲ್ಲೇ ಜಗಳಾಡುವವನು. ಬಸಲಿಂಗಮ್ಮ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಓಡಿದಳು.

ಸಾಹೇಬರು ಬದನೆಕಾಯಿ ಎತ್ತಿ ಹಿಡಿದು, “ಹೆಂಗ ಕೊಟ್ರಿ? ಭಾಳ ತುಟ್ಟಿ ಆತ್ರಿ. ಕಮ್ಮಿ ಮಾಡ್ರಿ” ಎಂದರು.

ಅಮೃತಪ್ಪ ತಕ್ಕಡಿ ಕೆಳಗಿಟ್ಟ. ಮಾಸ್ಕಿನ ಮೇಲೆ ಅವನ ಕಣ್ಣು ದೊಡ್ಡವಾದವು. “ಎಲಾ ಶಿವನ! ಸಾಹೇಬ್ರು ನಮ್ಮ ಮನೀ ಭಾಷಾ ಮಾತಾಡ್ತಾರಲ್ಲ!” ಎಂದ. ಅವನು ನಾರಾಯಣಪೇಟೆ ಕಡೆಯವನು. ಅಲ್ಲಿ ಗಡಿಯ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡವೇ ನಡೆಯುತ್ತದೆ.

ಬಸಲಿಂಗಮ್ಮ ಸಾಹೇಬರ ಬೆನ್ನ ಹಿಂದೆ ನಿಂತು ಕಣ್ಣು ಹೊಡೆದಳು. “ಅಮೃತಪ್ಪ, ಸಾಹೇಬ್ರ ತೆಲುಗು ಛಲೋ ಐತಿಲ್ಲೋ?”

ಅಮೃತಪ್ಪ ಅವಳ ಕಣ್ಣು ನೋಡಿದ, ಸಾಹೇಬರ ಗಡ್ಡ ನೋಡಿದ, ಆಟ ಅರ್ಥವಾಯಿತು. “ತೆಲುಗು ಅಂದ್ರ ಇದ ನೋಡ್ರಿ! ಇಲ್ಲಿ ಮಂದಿಗೆ ಎಲ್ಲಿ ಬರ್ತೈತಿ ಇಂಥಾ ತೆಲುಗು!” ಎಂದು ಒಂದು ಹಿಡಿ ಕರಿಬೇವು ಮೇಲೆ ಹಾಕಿದ.

ಸಾಹೇಬರು ಗೆದ್ದು ಬಂದವರ ಹಾಗೆ ಚೀಲ ಬೀಸುತ್ತ ಲಿಫ್ಟಿಗೆ ಹೋದರು.

ಊರಿನಿಂದ ಮಲ್ಲಣ್ಣ ದಿನಾ ಫೋನ್ ಮಾಡುತ್ತಿದ್ದ. ಒಂದು ಸಂಜೆ ಅವನು ಹೊಲದ ಸುದ್ದಿ ಹೇಳುತ್ತಿರುವಾಗ ಹಿಂದಿನಿಂದ ಗಂಡಸಿನ ದನಿಯೊಂದು ಕೇಳಿತು: “ಬಸಲಿಂಗಮ್ಮಾರ, ಚಾ ಆರಾಕತ್ತೈತ್ರಿ, ಲಗೂ ಬರ್ರಿ!”

ಹೊಲದ ಸುದ್ದಿ ನಿಂತಿತು. “ಯಾವನಲೇ ಅವ?”

“ಸಾಹೇಬ್ರು.”

“ಬಿಳಿ ಸಾಹೇಬ ಅಂದಿದ್ದಿ. ಇವ ನಮ್ಮ ಸಿರವಾರ ಸಂತ್ಯಾಗ ಎತ್ತು ಮಾರಾವನಂಗ ಮಾತಾಡ್ತಾನ!”

“ನಾನ ಕಲಿಸೀನಿ.”

“ನನಗ ಕಿವಿ ಮ್ಯಾಲ ಹೂ ಇಡ್ತಿ? ಚಾ ಬ್ಯಾರೆ ಮಾಡಿ ಕೊಡ್ತಾನ? ನಾ ನಡಕೋಂತ ಬರ್ತೀನಿ ನೋಡು ಹೈದ್ರಾಬಾದಿಗೆ!”

ಬಸಲಿಂಗಮ್ಮನಿಗೆ ಸಿಟ್ಟು ಬರಲಿಲ್ಲ. ಮದುವೆಯಾದಾಗಿನಿಂದ ಮಲ್ಲಣ್ಣ ಅವಳ ವಿಷಯಕ್ಕೆ ಇಷ್ಟು ಗಾಬರಿಯಾದದ್ದು ಅವಳು ನೋಡಿರಲಿಲ್ಲ. ಒಂದು ರಾತ್ರಿ ಹಾಗೇ ಒದ್ದಾಡಲಿ ಎಂದು ಫೋನ್ ಇಟ್ಟಳು. ಮರುದಿನ ಸಾಹೇಬರ ಫೋನಿನಿಂದ ಮುಖ ಕಾಣುವ ಹಾಗೆ ಕರೆ ಮಾಡಿಸಿದಳು. ಊರಿನ ಕಟ್ಟೆಯ ಮೇಲೆ ಮಲ್ಲಣ್ಣನ ಜೊತೆ ಹತ್ತು ಮಂದಿ ತಲೆ ತೂರಿಸಿದ್ದರು. ಕೆಂಪು ಗಡ್ಡ ಪರದೆ ತುಂಬ ಬಂದು, “ಮಲ್ಲಣ್ಣಾರ, ಆರಾಮ ಅದೀರೇನ್ರಿ? ಮಳಿ ಬಂತೇನ್ರಿ?” ಎಂದು ಕೇಳಿತು. ಕಟ್ಟೆಯ ಮೇಲೆ ಕೋಲಾಹಲವಾಯಿತು. ಮಲ್ಲಣ್ಣ ಟವೆಲ್ಲನ್ನು ತಲೆಯಿಂದ ತೆಗೆದು ಮತ್ತೆ ಹಾಕಿಕೊಂಡ.

ಈ ತೆಲುಗು ಕೇಳಲು ಇನ್ನುಳಿದವರು ಸೆಕ್ರೆಟರಿ ವಾಸುದೇವರಾಯರು. ಏಜಿ ಆಫೀಸಿನಿಂದ ನಿವೃತ್ತರಾದವರು, ಶಿಸ್ತಿನ ಮನುಷ್ಯ. ಪಿಸ್ತೂಲಿನಂಥ ಜ್ವರ ನೋಡುವ ಯಂತ್ರ ಹಿಡಿದು ಮನೆಮನೆಯ ಬಾಗಿಲಿಗೆ ಬರುತ್ತಿದ್ದರು. ಅವತ್ತು ಬಾಗಿಲು ತೆರೆದದ್ದು ಸಾಹೇಬರು. ಹಣೆ ಒಡ್ಡುತ್ತ, “ನಮಸ್ಕಾರ್ರಿ ರಾಯರ. ಉಂಡ್ರೇನ್ರಿ? ಹೊರಗ ಭಾಳ ಅಡ್ಡಾಡಬ್ಯಾಡ್ರಿ, ಜಡ್ಡು ಬರ್ತೈತಿ” ಎಂದರು.

ರಾಯರ ಕೈಯಲ್ಲಿದ್ದ ಯಂತ್ರ ಗೋಡೆಯ ಜ್ವರ ನೋಡಿತು. ಅವರ ತಾಯಿ ಅಂಬುಬಾಯಿ ತೀರಿಕೊಂಡ ಮೇಲೆ ಉಂಡಿರೇನು ಎಂದು ಅವರನ್ನು ಈ ಮಾತಿನಲ್ಲಿ ಕೇಳಿದವರಿರಲಿಲ್ಲ. ಸಾಹೇಬರ ಹಿಂದೆ ನಿಂತಿದ್ದ ಬಸಲಿಂಗಮ್ಮನನ್ನು, “ಈಯನಕಿ ಎವರು ನೇರ್ಪಾರು?” ಎಂದು ತೆಲುಗಿನಲ್ಲಿ ಗದರಿಸಿ ಕೇಳಿದರು. ಯಾರು ಕಲಿಸಿದ್ದು ಎಂದು.

ಹೆದರಿಕೆಗೆ ಅವಳ ‘ಲು’ ಎಲ್ಲ ಮರೆತುಹೋಯಿತು. “ನಾನ್ರಿ” ಎಂದಳು.

“ಅಯ್ಯ, ನೀ ನಮ್ಮ ಕಡೆಯಾಕಿ ಏನವಾ?”

“ನೀವು ನಮ್ಮ ಕಡೆಯವರೇನ್ರಿ?”

ಕಲಬುರ್ಗಿಯಿಂದ ಬಂದ ಮನೆತನ ರಾಯರದು, ನಿಜಾಮರ ಕಾಲದಿಂದ ಇಲ್ಲೇ ನೌಕರಿ. ಅವಳೂ ರಾಯರೂ ಇಷ್ಟು ಕಾಲ ಒಬ್ಬರಿಗೊಬ್ಬರು ತೆಲುಗಿನಲ್ಲೇ ಹೆದರಿಸಿಕೊಂಡು, ಹೆದರಿಕೊಂಡು ಇದ್ದರು. ಸಾಹೇಬರು ನಡುವೆ, “ತೆಲುಗು! ತೆಲುಗು!” ಎಂದು ಹೆಮ್ಮೆಯಿಂದ ತಲೆಯಾಡಿಸಿದರು. ರಾಯರು ದನಿ ತಗ್ಗಿಸಿದರು. “ಇದು ತೆಲುಗು ಅಲ್ಲಂತ ಅವರಿಗೆ ಗೊತ್ತದ ಏನು?”

“ಇಲ್ರಿ.”

ರಾಯರು ಗಡ್ಡ ಕೆರೆದುಕೊಂಡು ಯೋಚಿಸಿದರು. “ನಮ್ಮ ಅಸೋಸಿಯೇಷನ್ ರೂಲಿನೊಳಗ ಇದರ ಬಗ್ಗೆ ಏನೂ ಬರದಿಲ್ಲ” ಎಂದು ತೀರ್ಮಾನ ಕೊಟ್ಟು ಹೋದರು. ಅಲ್ಲಿಂದ ಮುಂದೆ ಬೇರೆ ಮನೆಗಳ ಜ್ವರವನ್ನು ದಿನಕ್ಕೊಮ್ಮೆ ನೋಡಿದರೆ ಈ ಮನೆಯದನ್ನು ಬೆಳಿಗ್ಗೆ, ಸಂಜೆ ನೋಡತೊಡಗಿದರು. ಬಾಗಿಲಲ್ಲಿ ದೂರ ನಿಂತು ಒಂದೊಂದು ತಾಸು ಹರಟೆ ಹೊಡೆದರು. ಸಾಹೇಬರಿಗೆ ‘ಛಂದ ಅದ’ ಎನ್ನುವುದನ್ನು ಅವರೇ ಕಲಿಸಿದರು. ‘ಛಲೋ ಐತಿ’ ಸರಿಯೋ, ‘ಛಂದ ಅದ’ ಸರಿಯೋ ಎಂದು ಬಸಲಿಂಗಮ್ಮ ಅವರ ಜೊತೆ ವಾದಕ್ಕೂ ನಿಂತಳು.

ಕಡೆಗೆ ಸುಳ್ಳು ಬಯಲಾದದ್ದು ಕಂಪನಿಯ ಆನ್‌ಲೈನ್ ಮೀಟಿಂಗಿನಲ್ಲಿ. ಮನೆಯಲ್ಲಿ ಕೂತು ಬೇಸತ್ತಿದ್ದ ನೌಕರರಿಗೆ ಹುರುಪು ತುಂಬಲು ಎಲ್ಲರೂ ಎರಡು ಮಾತಾಡಬೇಕೆಂದಿತ್ತು. ಗಾಬೋರ್ ಹೊಸ ಅಂಗಿ ತೊಟ್ಟು ಕೂತು, ನಾನು ನಿಮ್ಮ ತೆಲುಗಿನಲ್ಲೇ ಮಾತಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಘೋಷಿಸಿ ಶುರುಮಾಡಿದರು: “ಎಲ್ಲಾರ್ಗೂ ನಮಸ್ಕಾರ್ರಿ. ಎಲ್ಲಾರೂ ಉಂಡ್ರೇನ್ರಿ? ಮೂಗು ಮುಚ್ಚಿಕೊಳ್ರಿ, ಬಾಯಿ ಮುಚ್ಚಿಕೊಳ್ರಿ…”

ಪರದೆಯ ತುಂಬ ಇದ್ದ ಮುಖಗಳು ಪಿಳಿಪಿಳಿ ನೋಡಿದವು. ಆಮೇಲೆ ಒಬ್ಬ ನಕ್ಕ. ನಗು ಒಂದು ಚೌಕದಿಂದ ಇನ್ನೊಂದಕ್ಕೆ ಹಬ್ಬಿತು. ಬಳ್ಳಾರಿಯ ಹುಡುಗಿಯೊಬ್ಬಳು ಕಣ್ಣೀರು ಒರೆಸಿಕೊಳ್ಳುತ್ತ, ಸರ್, ಇದು ಕನ್ನಡ ಎಂದಳು.

ಆ ಮಧ್ಯಾಹ್ನ ಸಾಹೇಬರು ಊಟಕ್ಕೆ ಕೂತು, ಛಲೋ ಐತ್ರಿ ಎನ್ನದೆ ಎದ್ದು ಹೋದರು. ಸಂಜೆ ಚಹಾಕ್ಕೂ ಕರೆಯಲಿಲ್ಲ. ಉಪ್ಪು ಹೆಚ್ಚಾಯಿತೇನೋ ಎಂದುಕೊಂಡಳು ಬಸಲಿಂಗಮ್ಮ. ಮರುದಿನ ಅವರು ನಗುನಗುತ್ತ ಅಡಿಗೆಮನೆಗೆ ಬಂದು, “ಬಸಲಿಂಗಮ್ಮಾರ, ಇಂಗ್ಲಿಷ್ ಕಲೀತೀರೇನ್ರಿ? ನಾ ಕಲಿಸ್ತೀನ್ರಿ” ಎಂದರು.

ಅವಳಿಗೆ ಆಕಾಶ ಕೈಗೆ ಸಿಕ್ಕಂತಾಯಿತು. ಬೆಳಿಗ್ಗೆ ಯಾರಾದರೂ ಎದುರಾದರೆ ‘ಯೋ ರೆಗ್ಗೆಲ್ತ್’ ಎನ್ನಬೇಕು. ಏನಾದರೂ ಕೊಟ್ಟರೆ ‘ಕೂಸನಮ್’ ಎನ್ನಬೇಕು.

“ಗುಡ್ ಮಾರ್ನಿಂಗ್, ಥ್ಯಾಂಕ್ಯೂ ಅಂತಾರಲ್ರಿ?”

“ಅದು ಹಳೇದ್ರಿ. ಲಾಕ್‌ಡೌನ್ ಆತಲ್ರಿ, ಇಂಗ್ಲಿಷ್ ಹೊಸದ್ರಿ.”

ಆ ದಿನಗಳಲ್ಲಿ ಕೈಕುಲುಕುವುದು ಹೋಗಿತ್ತು, ಮದುವೆ ಮುಂಜಿ ಹೋಗಿದ್ದವು, ಮನುಷ್ಯರ ಮೂಗೇ ಕಾಣದಾಗಿತ್ತು. ಇಂಗ್ಲಿಷೊಂದು ಬದಲಾಗಿದ್ದರೆ ಅದರಲ್ಲಿ ಆಶ್ಚರ್ಯವೇನು? ಬಸಲಿಂಗಮ್ಮ ನಂಬಿದಳು. ‘ಕೂಸನಮ್’ ಅವಳ ನಾಲಿಗೆಯ ಮೇಲೆ ‘ಕೂಸಿನಮ್ಮ’ ಆಯಿತು. ಹಾಲಿನವನಿಗೆ, ಗೇಟಿನ ಕಾವಲುಗಾರನಿಗೆ, ಮೀಸೆಯ ಲಿಫ್ಟ್ ಮೆಕ್ಯಾನಿಕ್ಕಿಗೆ, ಎಲ್ಲರಿಗೂ ತಲೆ ಬಾಗಿಸಿ ಕೂಸಿನಮ್ಮ ಎಂದಳು. ಯಾರಿಗೂ ಅರ್ಥವಾಗಲಿಲ್ಲ. ಬದಲಾದದ್ದು ಇವರಿಗೆ ಇನ್ನೂ ತಿಳಿದಿಲ್ಲ ಎಂದು ಅವಳು ಮರುಗಿದಳು.

ವಾಸುದೇವರಾಯರು ಒಂದು ದಿನ ಬುಟ್ಟಿ ತುಂಬ ಮಾವಿನಹಣ್ಣು ಕೊಟ್ಟಾಗ ಅವರಿಗೂ, “ಕೂಸಿನಮ್ಮ” ಎಂದಳು.

“ಯಾರ ಕೂಸಿನ ಅಮ್ಮನವಾ? ನಾ ಗಂಡಸು.”

“ಹೊಸ ಇಂಗ್ಲಿಷ್ ರಾಯರ. ಥ್ಯಾಂಕ್ಯೂ ತಗದುಬಿಟ್ಟಾರಂತ.”

ರಾಯರು ಎಲ್ಲ ವಿಚಾರಿಸಿ ತಿಳಿದುಕೊಂಡು ನಕ್ಕ ನಗುವಿಗೆ ಮಾಸ್ಕಿನ ದಾರ ಕಿತ್ತುಹೋಯಿತು. ಕಷ್ಟಪಟ್ಟು ಉಸಿರು ಹಿಡಿದು ಹೇಳಿದರು: “ಅದು ಇಂಗ್ಲಿಷ್ ಅಲ್ಲವಾ, ಹಂಗೇರಿ ಭಾಷಾ. ಹಂಗೇರಿ ಅಂದ್ರ ಅವರ ದೇಶ.”

ಬಸಲಿಂಗಮ್ಮ ಹಣ್ಣಿನ ಬುಟ್ಟಿ ಹಿಡಿದುಕೊಂಡೇ ಒಳಗೆ ಧಾವಿಸಿದಳು. ಸಾಹೇಬರು ಕಂಪ್ಯೂಟರ್ ಮುಂದೆ ಕೂತಿದ್ದರು.

“ಸಾಹೇಬ್ರ, ಇದೇನ್ರಿ ನೀವು ಮಾಡಿದ್ದು? ನಾ ಕಲಿಸಿದ್ದು ನನ್ನ ಭಾಷಾರಿ! ನೀವು ಕಲಿಸಿದ್ದು?”

“ನನ್ನ ಭಾಷಾರಿ” ಎಂದರು ಸಾಹೇಬರು ತಣ್ಣಗೆ.

ಅವಳು ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು. ಆಮೇಲೆ ಮೀಟಿಂಗಿನ ಕಥೆಯನ್ನು ಅವರು ತಮಗೆ ಬಂದಷ್ಟು ಕನ್ನಡದಲ್ಲಿ ಹೇಳಿದರು. “ಎಲ್ಲಾರೂ ನಕ್ರು ರೀ.” ಹೇಳುವಾಗ ಅವರ ಕಿವಿ ಕೆಂಪಾಯಿತು. ಬಸಲಿಂಗಮ್ಮನಿಗೆ ಅಲ್ಲಿ ಚುರುಕ್ಕೆಂದಿತು. ಅಂಥ ನಗುವಿನಲ್ಲೇ ಅವಳ ಇಪ್ಪತ್ತು ವರ್ಷ ಕಳೆದಿತ್ತು.

“ತಪ್ಪಾತ್ರಿ. ನನಗೂ ಹಿಂಗ ನಗತಿದ್ರು ರೀ. ನಿಮಗ ನಗ್ಲಿ ಅಂತ ಮಾಡ್ಲಿಲ್ರಿ. ನನ್ನ ಜೋಡಿ ಮಾತಾಡಾಕ ಯಾರೂ ಇರಲಿಲ್ರಿ.”

ಎಷ್ಟು ಅರ್ಥವಾಯಿತೋ, ಸಾಹೇಬರು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. “ನಂಗೂ ಯಾರೂ ಇರಲಿಲ್ರಿ” ಎಂದರು. ಆಮೇಲೆ ಮುಖ ಗಂಭೀರ ಮಾಡಿಕೊಂಡು ಕೇಳಿದರು: “ಲಿಫ್ಟಿನವರಿಗೆ ಏನಂದ್ರಿ?”

“ಕೂಸಿನಮ್ಮ ಅಂದೆ.”

ಮೊದಲು ನಕ್ಕದ್ದು ಯಾರೋ ಹೇಳುವುದು ಕಷ್ಟ. ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ರಾಯರಿಗೂ ಮಾವಿನಹಣ್ಣಿನಲ್ಲಿ ಪಾಲು ಸಿಕ್ಕಿತು.

ತೆಲುಗು ಕಲಿಸುತ್ತೇನೆ ಎಂದು ರಾಯರು ಮುಂದೆ ಬಂದರು. ಸಾಹೇಬರು ನಾಲ್ಕು ದಿನ ಕಲಿತು, ಎರಡೂ ಕಲಸಿಹೋಗುತ್ತವೆ ಎಂದು ಬಿಟ್ಟರು. ಮೇ ಕೊನೆಗೆ ಅವರ ದೇಶದವರನ್ನು ಒಯ್ಯಲು ವಿಶೇಷ ವಿಮಾನ ಬಂತು. ಹೋಗುವ ಬೆಳಿಗ್ಗೆ ಬಸಲಿಂಗಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕಾರು ಗೇಟು ದಾಟಿದ ಮೇಲೆ ಮೇಲಕ್ಕೆ ಬಂದು ಫ್ಲ್ಯಾಟು ಗುಡಿಸಿದಳು, ಒಮ್ಮೆ ಗುಡಿಸಿದ್ದನ್ನೇ ಮತ್ತೊಮ್ಮೆ ಗುಡಿಸಿದಳು.

ಅದೇ ವಾರ ರಾಯರು ಓಡಾಡಿ ಅವಳಿಗೊಂದು ಪಾಸು ಮಾಡಿಸಿದರು. ರಾಯಚೂರು ಕಡೆ ಹೊರಟ ಜೀಪಿನಲ್ಲಿ ಕೂತು ಕೃಷ್ಣೆಯ ಸೇತುವೆ ದಾಟಿದಳು. ಊರು ತಲುಪಿದರೆ ಮನೆಗೆ ಬಿಡಲಿಲ್ಲ. ಹೊರಗಿನಿಂದ ಬಂದವರೆಲ್ಲ ಮೊದಲು ಊರ ಶಾಲೆಯಲ್ಲಿ ಇರಬೇಕೆಂದಿತ್ತು. ಹುಡುಗಿಯಾಗಿದ್ದಾಗ ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದವಳು ಈಗ ಮೂರನೇ ತರಗತಿಯ ಕೋಣೆಯಲ್ಲಿ, ಪುಣೆ, ಮುಂಬೈಗಳಿಂದ ಬಂದ ಹೆಂಗಸರ ಜೊತೆ ಚಾಪೆ ಹಾಸಿದಳು. ಪಂಚಾಯಿತಿ ಕಳಿಸುತ್ತಿದ್ದ ಅನ್ನ ಒಂದು ಹೊತ್ತು ಹಸಿ, ಒಂದು ಹೊತ್ತು ಸೀದದ್ದು. ಮೂರು ಹೊತ್ತು ಸಹಿಸಿದಳು. ನಾಲ್ಕನೆಯದಕ್ಕೆ ಬಿಸಿಯೂಟದ ಕೋಣೆಯ ಬೀಗ ತೆಗೆಸಿ ಒಲೆ ಹಚ್ಚಿದಳು. ಬೇಡವೆನ್ನಲು ಬಂದ ಪಂಚಾಯಿತಿಯ ಅಮರೇಶಪ್ಪ ದೂರದಲ್ಲೇ ನಿಂತು ಎರಡು ರೊಟ್ಟಿ ತಿಂದು, ಮರುದಿನದಿಂದ ಜೋಳದ ಹಿಟ್ಟು ಕಳಿಸಿದ.

ಬಿಡುಗಡೆಯ ದಿನ ಮಲ್ಲಣ್ಣ ಬೆಳಕು ಹರಿಯುವ ಮೊದಲೇ ಹೊಸ ಟವೆಲ್ ಸುತ್ತಿಕೊಂಡು ಬೈಕ್ ತಂದು ಗೇಟಿನ ಮುಂದೆ ನಿಂತ. “ಬಾ ಲಗೂ, ಹೋಗೋಣು” ಎಂದು ಕೂಗಿದ.

“ಒಳಗ ಇನ್ನೂ ಮಂದಿ ಅದಾರ, ಅವರ ನಾಷ್ಟಾ ಆಗಲಿ” ಎಂದು ಒಲೆಯ ಮುಂದಿನಿಂದಲೇ ಉತ್ತರ ಬಂತು. ಮಲ್ಲಣ್ಣ ಬೈಕಿನ ಸ್ಟ್ಯಾಂಡ್ ಹಾಕಿ, ಅದರ ಮೇಲೆಯೇ ಕೂತು ಕಾದ.